ಅದೇ ರೋಡು, ಅದೇ ಡ್ರೈವರ್ರು, ಹೋಗ್ತಾ 27 ಬರ್ತಾ 19: ಹೈಬ್ರಿಡ್ ಮೈಲೇಜ್ ಯಾಕೆ ಹಿಂಗೆ?

ಹೊಳೆಬದಿ:
ಎಲ್ರಿಗೂ ನಮಸ್ಕಾರ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ವಾರಕ್ಕೆ ಮೂರು ದಿನ ಕೆಲಸದ ಮೇಲೆ ಹೋಗಿ ಬರ್ತೀನಿ, ಒಂದು ಕಡೆಗೆ ಹತ್ತತ್ರ 60 ಕಿಲೋಮೀಟ್ರು. ಗಾಡಿ ಪೆಟ್ರೋಲ್ ಸ್ಟ್ರಾಂಗ್ ಹೈಬ್ರಿಡ್ (ಎಂಜಿನ್ ಜೊತೆ ಬ್ಯಾಟ್ರಿ-ಮೋಟಾರಲ್ಲೂ ಓಡೋದು), ತಗೊಂಡು ಎರಡು ವರ್ಷ ಆಗಿಲ್ಲ. ಬೆಳಿಗ್ಗೆ ಹೋಗ್ತಾ 27 ತೋರಿಸುತ್ತೆ, ಸಂಜೆ ವಾಪಸ್ ಬರ್ತಾ 19, ಪುಣ್ಯ ಇದ್ರೆ 20. ಬೇಸಿಗೆಲಿ ಇಷ್ಟು ವ್ಯತ್ಯಾಸ ಇರ್ಲಿಲ್ಲ, ಮಳೆ ಹಿಡಿದ ಮೇಲೆ ಶುರುವಾಗಿದ್ದು. ಸ್ಪೀಡು 60-65 ದಾಟಲ್ಲ, ಮಂಡಗದ್ದೆ ಆಚೆ ಆ ತಿರುವುಗಳಲ್ಲಿ ದಾಟೋಕೂ ಆಗಲ್ಲ ಬಿಡಿ. ಸರ್ವಿಸ್ ಸೆಂಟರಲ್ಲಿ ಕಂಪ್ಯೂಟರ್ ಹಾಕಿ ನೋಡಿ ಎಲ್ಲಾ ಸರಿ ಇದೆ ಸಾರ್, ನಿಮ್ಮ ಡ್ರೈವಿಂಗ್ ಸ್ಟೈಲ್ ಹಂಗಿದೆ ಅಂತ ಕಳಿಸಿದ್ರು. ಬೆಳಿಗ್ಗೆಗೊಂದು ಸಂಜೆಗೊಂದು ಸ್ಟೈಲ್ ಮಾಡೋಕೆ ನಾನೇನು ಯಕ್ಷಗಾನದ ವೇಷ ಕಟ್ತೀನಾ? ಯಾರಿಗಾದ್ರೂ ಹಿಂಗೆ ಆಗಿದ್ಯಾ?

ಕಾಫಿಕಣ:
ಇ20 ಪೆಟ್ರೋಲ್ ಮಹಿಮೆ ಅಣ್ಣ, ನೂರಕ್ಕೆ 20 ಭಾಗ ಎಥೆನಾಲ್ ಬೆರೆಸಿರೋದು. ನಮ್ಮನೆ ಸ್ಕೂಟರಿಂದ ಹಿಡಿದು ಎಲ್ಲದಕ್ಕೂ ಇದೇ ಕತೆ.

ಗುಡ್ಡದಮನೆ:
ಬ್ಯಾಟ್ರಿ ವೀಕ್ ಆಗಿರ್ಬೇಕು, ವಾರಂಟಿ ಇರೋವಾಗ್ಲೇ ಜಗಳ ಮಾಡಿ ಬದಲಾಯಿಸ್ಕೊಳಿ.

ಬಾನೆಟ್ ಭಟ್ಟ:
ತಡೀರಿ ಮಾರಾಯ್ರೆ, ಆಗ್ಲೇ ಬ್ಯಾಟ್ರಿ ಬಿಚ್ಚೋದು ಬೇಡ. ಎಥೆನಾಲಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಶಕ್ತಿ ಕಮ್ಮಿ, ಅದು ಹೌದು, ಆದ್ರೆ ಬೆಳಿಗ್ಗೆನೂ ಸಂಜೆನೂ ಟ್ಯಾಂಕಲ್ಲಿ ಇರೋದು ಅದೇ ಪೆಟ್ರೋಲ್ ಅಲ್ವಾ. ಹೊಳೆಬದಿಯವ್ರೆ, ಟ್ರಿಪ್ ಮೀಟರ್ ಎಲ್ಲಿ ಸೊನ್ನೆ ಮಾಡ್ತೀರಿ? ಸಂಜೆ ಗಾಡಿ ಎಷ್ಟು ಹೊತ್ತು ನಿಂತಿರ್ತದೆ? ಮಳೇಲಿ ಎಸಿ ಪ್ಯಾನಲ್ ಹೆಂಗೆ ಇಟ್ಕೊಂಡಿರ್ತೀರಿ, ಸ್ವಿಚ್ಚು, ನಾಬು, ಫ್ಯಾನು ಎಲ್ಲಾ ಹೇಳಿ.

ಹೊಳೆಬದಿ:
ಬೆಳಿಗ್ಗೆ ಮಗಳನ್ನ ಸ್ಕೂಲಿಗೆ ಬಿಟ್ಟು, ಬಂಕಲ್ಲಿ ಗಾಳಿ ಚೆಕ್ ಮಾಡಿಸಿ ಅಲ್ಲೇ ಸೊನ್ನೆ ಮಾಡ್ತೀನಿ. ಸಂಜೆ ಅಂದ್ರೆ ಎಂಟು ತಾಸು ಮಳೇಲಿ ನಿಂತ ಗಾಡಿ, ಹತ್ತಿದ ತಕ್ಷಣ ಸೊನ್ನೆ ಮಾಡಿ ಹೊರಡೋದು. ಎಸಿ ಹಾಕೋದೇ ಇಲ್ಲ, ಪೆಟ್ರೋಲ್ ಉಳೀಲಿ ಅಂತ. ಗ್ಲಾಸ್ ಮಬ್ಬು ಹಿಡಿಯುತ್ತಲ್ಲ, ಅದಕ್ಕೆ ಫ್ಯಾನ್ ಗ್ಲಾಸಿಗೆ ತಿರುಗಿಸಿ ನಾಬ್ ಪೂರ್ತಿ ಕೆಂಪಿಗೆ. ಜೊತೆಗೆ ಬರೋ ಸಹೋದ್ಯೋಗಿಗೂ ಚಳಿ ಜಾಸ್ತಿ.

ಬಾನೆಟ್ ಭಟ್ಟ:
ಸಿಕ್ತು ನೋಡಿ. ಮಾಮೂಲಿ ಗಾಡೀಲಿ ಹೀಟರ್ ಪುಕ್ಕಟೆ, ಎಂಜಿನ್ ಹೆಂಗೂ ಓಡ್ತಾ ಇರ್ತದೆ, ಅದರ ಬಿಸಿ ಒಳಗೆ ಬರ್ತದೆ ಅಷ್ಟೆ. ಹೈಬ್ರಿಡ್ ಮೈಲೇಜ್ ಕೊಡೋದೇ ಎಂಜಿನ್ ಆಫ್ ಆದಾಗ. ನೀವು ನಾಬ್ ಕೆಂಪಿಗೆ ಇಟ್ರೆ ಹೀಟರಿಗೆ ಎಂಜಿನ್ನಿನ ಬಿಸಿ ನೀರು ಬೇಕೇ ಬೇಕು, ಹಂಗಾಗಿ ಇಳಿಜಾರಲ್ಲೂ, ಗಾಜನೂರು ಹತ್ರ ದನ ಅಡ್ಡ ಬಂದು ನಿಂತಾಗ್ಲೂ ಕಂಪ್ಯೂಟರ್ ಎಂಜಿನ್ನನ್ನ ಮಲಗೋಕೆ ಬಿಡಲ್ಲ. ಇವಿ ಲೈಟ್ (ಬರೀ ಬ್ಯಾಟ್ರೀಲಿ ಓಡುವಾಗ ಹತ್ತೋದು) ಸಂಜೆ ಹೊತ್ತಲ್ಲಿ ಹತ್ತೋದೇ ಕಮ್ಮಿ ಅಲ್ವಾ, ಗಮನಿಸಿ ನೋಡಿ. ಎಸಿ ಆನ್ ಮಾಡಿ, ಫ್ಯಾನ್ ಗ್ಲಾಸಿಗೆ, 24 ಡಿಗ್ರಿ ಆಸುಪಾಸು ಇಡಿ, ಗಾಳಿ ಹೊರಗಿಂದ ಬರ್ಲಿ. ಎಸಿ ಗಾಳೀಲಿರೋ ತೇವ ಹೀರ್ತದೆ, ಎರಡು ನಿಮಿಷದಲ್ಲಿ ಗ್ಲಾಸ್ ಕ್ಲೀನು. ಅದರ ಕಂಪ್ರೆಸರ್ ಓಡೋದು ಹೈಬ್ರಿಡ್ ಬ್ಯಾಟ್ರಿಯಿಂದ, ಎಂಜಿನ್ ಆಫ್ ಇದ್ರೂ ನಡೀತದೆ.

ಇನ್ನೊಂದು, ನಿಮ್ಮ 27 ಕೂಡ ಸಾಚಾ ಅಲ್ಲ. ತಣ್ಣಗಿರೋ ಎಂಜಿನ್ ಶುರುವಿನ ಐದಾರು ನಿಮಿಷ ಬಿಸಿಯಾಗೋಕೇ ಪೆಟ್ರೋಲ್ ಕುಡೀತದೆ, ಆ ಖರ್ಚೆಲ್ಲಾ ಮಗಳ ಸ್ಕೂಲ್ ಲೆಕ್ಕಕ್ಕೆ ಹೋಯ್ತು, ಬಂಕಲ್ಲಿ ಸೊನ್ನೆ ಮಾಡಿದಾಗ ಎಂಜಿನ್ ಬಿಸಿ, ಬ್ಯಾಟ್ರಿನೂ ಬಹುಶಃ ತುಂಬಿತ್ತು. ಬ್ಯಾಟ್ರಿ ಲೆಕ್ಕ ನೋಡಿ: ಇಂಥ ಗಾಡಿಗಳಲ್ಲಿ ಒಟ್ಟು ಒಂದು ಯೂನಿಟ್ ಕರೆಂಟೂ ಹಿಡಿಯಲ್ಲ, ಅದ್ರಲ್ಲಿ ಹತ್ತಿ ಇಳಿಯೋದು ಹೆಚ್ಚಂದ್ರೆ ಅರ್ಧ, 0.4 ಯೂನಿಟ್ ಅಂದ್ಕೊಳಿ. ಒಂದು ಲೀಟರ್ ಪೆಟ್ರೋಲಲ್ಲಿ ಸುಮಾರು 9 ಯೂನಿಟ್ ಇದೆ, ಎಂಜಿನ್ ಕೈಗೆ ಸಿಗೋದು 3. ಅಂದ್ರೆ ತುಂಬಿದ ಬ್ಯಾಟ್ರೀಲಿ ಹೊರಟು ಖಾಲಿ ಬ್ಯಾಟ್ರೀಲಿ ತಲುಪಿದ್ರೆ 130 ಎಂಎಲ್ ಆಸುಪಾಸು ಪುಕ್ಕಟೆ ಸಿಕ್ಕಂಗೆ ಕಾಣ್ತದೆ. 60 ಕಿಲೋಮೀಟ್ರಲ್ಲಿ ಅದು ಒಂದು ಒಂದೂಕಾಲರ ವ್ಯತ್ಯಾಸ ಅಷ್ಟೆ, ಆದ್ರೆ ಗಾಂಧಿ ಬಜಾರಿಗೆ 6 ಕಿಲೋಮೀಟ್ರು ಹೋಗಿ ಬಂದ್ರೆ ಕುಡಿಯೋದೇ ಕಾಲು ಲೀಟ್ರು, ಅದ್ರಲ್ಲಿ ಅರ್ಧ ಇದೇ ಆಯ್ತಲ್ಲ! ಸಣ್ಣ ಟ್ರಿಪ್ಪಿನ ನಂಬರ್ ನೋಡಿ ತಲೆ ಕೆಡಿಸ್ಕೊಂಡು ಪ್ರಯೋಜನ ಇಲ್ಲ. ಟ್ಯಾಂಕ್ ಫುಲ್ ಮಾಡಿ, ಮತ್ತೆ ಅದೇ ಬಂಕಲ್ಲಿ ಫುಲ್ ಮಾಡಿ ಭಾಗಿಸಿ.

ಹೊಳೆಬದಿ:
ಎರಡು ವಾರ ನೋಡಿ ಹೇಳ್ತಾ ಇದೀನಿ. ಎಸಿ ಹಾಕಿ, ನಾಬ್ ಇಳಿಸಿದ ಮೇಲೆ ಸಂಜೆ 22.5ರಿಂದ 23.5. ಬೆಳಿಗ್ಗೆ ಮನೆಯಿಂದ್ಲೇ ಸೊನ್ನೆ ಮಾಡಿದ್ರೆ 24, ಆ 27 ಮತ್ತೆ ಮುಖ ತೋರಿಸಿಲ್ಲ. ಇಷ್ಟು ದಿನ ಎಸಿ ಆಫ್ ಮಾಡಿ ಪೆಟ್ರೋಲ್ ಉಳಿಸ್ತಿದೀನಿ ಅಂದ್ಕೊಂಡಿದ್ನಲ್ಲ, ಮನೇಲಿ ಹೇಳಿಲ್ಲ ಇದನ್ನ. ಸಹೋದ್ಯೋಗಿ ಈಗ ಸ್ವೆಟರ್ ಹಾಕ್ಕೊಂಡು ಬರ್ತಾರೆ. ಸಂಜೆ ಆ ಒಂದು ಕಮ್ಮಿ ಯಾಕೆ ಭಟ್ರೇ?

ಬಾನೆಟ್ ಭಟ್ಟ:
ನೀರು ನಿಂತ ರೋಡು. ಟೈರು ಪ್ರತಿ ಸುತ್ತಿಗೂ ನೀರು ಪಕ್ಕಕ್ಕೆ ತಳ್ಳಬೇಕು, ಜೊತೆಗೆ ವೈಪರ್, ಲೈಟ್. ಅದಕ್ಕೆ ಔಷಧಿ ಇಲ್ಲ, ಆಷಾಢ ಕಳೀಲಿ.

ಕಾಫಿಕಣ:
ನಂದೂ ಒಂದು ಕೇಳ್ತೀನಿ. ನಮ್ಮ ಹೈಬ್ರಿಡ್ಡಲ್ಲಿ ಆಗುಂಬೆ ಘಾಟಿ ಇಳೀತಾ ಅರ್ಧಕ್ಕೇ ಬ್ಯಾಟ್ರಿ ಫುಲ್ ಆಗಿ ಎಂಜಿನ್ ಜೋರಾಗಿ ಕೂಗೋಕೆ ಶುರು ಮಾಡ್ತು, ನನ್ನ ಹೆಂಡತಿ ಗಾಡಿ ಕೆಟ್ಟೇ ಹೋಯ್ತು ಅಂತ ನಿಲ್ಲಿಸಿಬಿಟ್ಲು. ಏನಾದ್ರೂ ತೊಂದ್ರೆನಾ?

ಬಾನೆಟ್ ಭಟ್ಟ:
ಇಲ್ಲ. ಇಳೀವಾಗ ಮೋಟಾರೇ ಕರೆಂಟ್ ಮಾಡಿ ಬ್ಯಾಟ್ರಿ ತುಂಬ್ತದೆ. 14 ಹೇರ್‌ಪಿನ್ನಲ್ಲಿ ಅರ್ಧ ಕಿಲೋಮೀಟ್ರು ಕೆಳಗಿಳೀತೀರಿ, ಜನ ಸೇರಿ 1400 ಕೆಜಿ ಅಂದ್ರೂ ಹತ್ತತ್ರ 2 ಯೂನಿಟ್ ಶಕ್ತಿ, ಟೈರು ತಿಂದಿದ್ದು ಬಿಟ್ರೂ ಅಷ್ಟನ್ನ ತುಂಬ್ಕೊಳೋಕೆ ಬ್ಯಾಟ್ರೀಲಿ ಜಾಗ ಎಲ್ಲಿ? ತುಂಬಿದ ಮೇಲೆ ಪೆಟ್ರೋಲ್ ಹಾಕದೇ ಎಂಜಿನ್ನನ್ನ ಸುಮ್ನೆ ತಿರುಗಿಸಿ ಬ್ರೇಕ್ ಥರ ಬಳಸ್ತದೆ, ಅದೇ ಆ ಸದ್ದು. ಗೇರಲ್ಲಿ ಬಿ (ಹಿಂಗೆ ಎಂಜಿನ್ನಿಂದ ಬ್ರೇಕ್ ಹಿಡಿಯೋದು) ಇದ್ರೆ ಮೇಲಿಂದ್ಲೇ ಹಾಕ್ಕೊಳಿ, ಕಾಲಿನ ಬ್ರೇಕ್ ಕಾಯೋದು ತಪ್ತದೆ. ಮತ್ತೆ ಘಾಟಿ ಇಳಿದ ಕೂಡ್ಲೇ ತೋರಿಸೋ 40ರ ಫೋಟೋ ತೆಗೆದು ಇಲ್ಲಿ ಹಾಕ್ಬೇಡಿ, ಹತ್ತಿ ವಾಪಸ್ ಬಂದ್ಮೇಲೆ ಹಾಕಿ.