ಹೇರ್ ಪ್ಯಾಚ್‌ಗೆ ಸಹಜವಾಗಿ ಕಾಣುವ ಬಣ್ಣ ಯಾವುದು?

ಪ್ರಶ್ನೆ:
ನನಗೆ ಐವತ್ತು ದಾಟಿದೆ. ನೆತ್ತಿಯ ಮೇಲೆ ಮನುಷ್ಯರ ಕೂದಲಿನಿಂದಲೇ ತಯಾರಿಸಿದ ಹೇರ್ ಪ್ಯಾಚ್ ಧರಿಸುತ್ತೇನೆ. ಕಿವಿಯ ಮೇಲಿನ ನನ್ನ ಸ್ವಂತ ಕೂದಲು ಅರ್ಧದಷ್ಟು ನರೆತಿದೆ, ಹಿಂದಲೆಯಲ್ಲಿ ನರೆ ಕಡಿಮೆ. ಮೊದಲು ಕಡುಗಪ್ಪಾಗಿದ್ದ ಪ್ಯಾಚ್ ಈಗ ಬಿಸಿಲಿನಲ್ಲಿ ಕೆಂಚಾಗಿ ಕಾಣುತ್ತದೆ. ಪಕ್ಕದ ಕೂದಲಿಗೆ ಡೈ ಹಚ್ಚಿ ಎಲ್ಲವನ್ನೂ ಕಪ್ಪಾಗಿಸಬೇಕೇ, ಅಥವಾ ಮುಂದಿನ ಬಾರಿ ನರೆ ಬೆರೆತ ಪ್ಯಾಚ್ ತರಿಸಬೇಕೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ನರೆ ಬೆರೆತ ಪ್ಯಾಚ್ ತರಿಸುವುದೇ ಸರಿ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವುದರಿಂದ, ಪಕ್ಕದ ಕೂದಲಿಗೆ ಡೈ ಹಚ್ಚಿದ ಎರಡು ಮೂರು ವಾರಗಳಲ್ಲೇ ಬುಡ ಬೆಳ್ಳಗಾಗುತ್ತದೆ. ಪ್ಯಾಚ್ ಮಾತ್ರ ಬುಡದಿಂದ ತುದಿಯವರೆಗೆ ಒಂದೇ ಕಪ್ಪಾಗಿರುವುದರಿಂದ ಎರಡೂ ಸೇರುವ ಅಂಚು ಎದ್ದು ಕಾಣುತ್ತದೆ. ಪ್ಯಾಚ್‌ಗಳ ಬಣ್ಣದ ಪಟ್ಟಿಯಲ್ಲಿ 1 ಎಂದರೆ ಕಡುಗಪ್ಪು, 1ಬಿ ಎಂದರೆ ಅದಕ್ಕಿಂತ ತುಸು ಮೃದುವಾದ ಸಹಜ ಕಪ್ಪು, 2 ಎಂದರೆ ಕಡುಗಂದು. ಕಪ್ಪು ಕೂದಲಿನವರಿಗೂ ಹೆಚ್ಚಾಗಿ ಒಪ್ಪುವುದು 1ಬಿ. ಅದರ ಮುಂದೆ ಬರುವ ಅಂಕಿ ಸಾಮಾನ್ಯವಾಗಿ ನರೆಯ ಶೇಕಡಾ ಪ್ರಮಾಣವನ್ನು ಸೂಚಿಸುತ್ತದೆ: 1ಬಿ20 ಎಂದರೆ ಶೇ 20 ನರೆ. ಗಂಡಸರಲ್ಲಿ ನರೆ ಬಹುಮಟ್ಟಿಗೆ ಕಿವಿಯ ಬಳಿ ಮೊದಲು ಮೂಡಿ ನೆತ್ತಿಗೆ ತಡವಾಗಿ ಏರುವುದರಿಂದ, ಪಕ್ಕದಲ್ಲಿ ಅರ್ಧ ನರೆತಿದ್ದರೂ ನೆತ್ತಿಗೆ ಶೇ 20ರಿಂದ 30 ಸಾಕು, ಪ್ಯಾಚ್‌ನ ಎರಡೂ ಅಂಚುಗಳಲ್ಲಿ ಸ್ವಲ್ಪ ಹೆಚ್ಚಿರಲಿ.

ಫೋಟೋ ನೋಡಿ ಶೇಡ್ ತೀರ್ಮಾನಿಸಬೇಡಿ. ಎಣ್ಣೆಯಿಲ್ಲದ, ತೊಳೆದು ಒಣಗಿಸಿದ ಕೂದಲನ್ನು ಪಕ್ಕದಿಂದಲೂ ಹಿಂದಲೆಯಿಂದಲೂ ಬೇರೆ ಬೇರೆಯಾಗಿ ಕತ್ತರಿಸಿ, ಒಂದು ತುದಿಗೆ ಟೇಪ್ ಅಂಟಿಸಿ ಮಾದರಿಯಾಗಿ ಕಳುಹಿಸಿ. ಬಂದ ಪ್ಯಾಚನ್ನು ಕಿಟಕಿಯ ಪಕ್ಕ ಹಗಲು ಬೆಳಕಿನಲ್ಲಿ ಹಿಡಿದು ನೋಡಿ; ಟ್ಯೂಬ್‌ಲೈಟ್ ಕೆಳಗೆ ಕೆಂಪು ಛಾಯೆ ಮರೆಯಾಗಿಬಿಡುತ್ತದೆ.

ಉತ್ತರ 2:
ಕೆಂಚಾದದ್ದರ ಬಗ್ಗೆ ಒಂದು ಮಾತು. ಪ್ಯಾಚ್‌ನ ಕೂದಲು ರಾಸಾಯನಿಕ ಸಂಸ್ಕರಣೆಗೆ ಒಳಗಾಗಿ ಬಣ್ಣ ಹಾಕಿಸಿಕೊಂಡಿರುತ್ತದೆ, ಮೇಲಾಗಿ ಅದಕ್ಕೆ ನೆತ್ತಿಯ ಜಿಡ್ಡಿನ ಪೋಷಣೆಯೂ ಇಲ್ಲ. ಹೀಗಾಗಿ ಬಿಸಿಲು, ಈಜುಕೊಳದ ಕ್ಲೋರಿನ್, ಕಟುವಾದ ಶಾಂಪೂ ಇವೆಲ್ಲ ಸೇರಿ ಬಣ್ಣ ಬೇಗ ಕಳೆಯುತ್ತವೆ. ಹಳೆಯದನ್ನು ಇನ್ನೂ ಕೆಲವು ದಿನ ಬಳಸುವುದಾದರೆ ಅಮೋನಿಯಾ ಇಲ್ಲದ ಬಣ್ಣವನ್ನು, ಬೇಕಾದ ಶೇಡ್‌ಗಿಂತ ಒಂದು ಹಂತ ತಿಳಿಯಾದದ್ದನ್ನೇ ಆರಿಸಿ, ಏಕೆಂದರೆ ಸಂಸ್ಕರಿಸಿದ ಕೂದಲು ಬಣ್ಣವನ್ನು ಹೆಚ್ಚು ಹೀರಿ ಅಂದುಕೊಂಡದ್ದಕ್ಕಿಂತ ಕಪ್ಪಾಗುತ್ತದೆ. ಬುಡದ ಲೇಸ್‌ಗೆ, ಅಂದರೆ ಕೂದಲನ್ನು ಹೆಣೆದಿರುವ ತೆಳು ಬಲೆಗೆ, ಬಣ್ಣ ತಾಗಿದರೆ ಆ ಕಲೆ ಹೋಗುವುದಿಲ್ಲ. ನರೆ ಬೆರೆತ ಪ್ಯಾಚ್‌ಗಳಲ್ಲಿ ಬಿಳಿ ಎಳೆಗಳು ಅನೇಕ ವೇಳೆ ಸಿಂಥೆಟಿಕ್ ಆಗಿರುತ್ತವೆ. ಮಾಮೂಲಿ ಡೈ ಅವಕ್ಕೆ ಹಿಡಿಯದ ಕಾರಣ, ಕಪ್ಪು ಎಳೆಗಳಿಗೆ ಮರಳಿ ಬಣ್ಣ ಕೊಟ್ಟರೂ ನರೆ ಹಾಗೆಯೇ ಉಳಿಯುತ್ತದೆ. ಇದು ನಿಮಗೆ ಅನುಕೂಲವೇ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಗಡ್ಡದಲ್ಲಿ ತಲೆಗಿಂತ ಹೆಚ್ಚು ನರೆಯಿದೆ. ಅದಕ್ಕೂ ಹೊಂದಿಸಬೇಕೇ?

ಉತ್ತರ 3:
ಬೇಡ. ಗಡ್ಡವು ತಲೆಗಿಂತ ಮೊದಲೇ ನರೆಯುವುದು ಎಷ್ಟೋ ಜನರಲ್ಲಿ ಕಾಣುವ ಸಂಗತಿಯಾದ್ದರಿಂದ ಆ ವ್ಯತ್ಯಾಸ ಯಾರಿಗೂ ಅಸಹಜ ಎನಿಸದು. ಗಡ್ಡವನ್ನು ಕಪ್ಪು ಮಾಡಿದರೆ ಮಾತ್ರ ನರೆತ ಪಕ್ಕದ ಕೂದಲಿನೊಂದಿಗೆ ಮೇಳವಾಗುವುದಿಲ್ಲ. ಚರ್ಮಕ್ಕೆ ತಾಗುವಂತೆ ಎಲ್ಲಿಯೇ ಡೈ ಬಳಸುವುದಾದರೂ, ಕಪ್ಪು ಡೈಗಳಲ್ಲಿ ಸಾಮಾನ್ಯವಾಗಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ತೀವ್ರ ಅಲರ್ಜಿ ಉಂಟುಮಾಡುವುದರಿಂದ, 48 ಗಂಟೆ ಮೊದಲೇ ಮೊಣಕೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ ಪರೀಕ್ಷಿಸಿ.