ಹೊಂಡದಲ್ಲಿ ಯಾವ ಮೀನಿದೆ ಅಂತ ನೋಡೋಕೆ ನೀರು ಖಾಲಿ ಮಾಡ್ಬೇಡಿ ಚಿಕ್ಕಪ್ಪ

ಚಿಕ್ಕಪ್ಪ, ನಿಮ್ಮ ಮೆಸೇಜ್ ಈಗ ನೋಡ್ದೆ. ಜಮೀನಿನ ಜೊತೆ ಬಂದ ಕೃಷಿ ಹೊಂಡದಲ್ಲಿ ಏನೋ ಮೀನು ಓಡಾಡ್ತಿವೆ, ನಾವ್ಯಾರೂ ಬಿಟ್ಟಿಲ್ಲ, ಯಾವ ಮೀನು ಅಂತ ತಿಳ್ಕೊಳ್ಳೋದು ಹೇಗೆ ಅಂತ ಕೇಳಿದೀರ, ಅದಕ್ಕೆ ಭಾವ ಮೋಟರ್ ಇಟ್ಟು ನೀರೆಲ್ಲ ಹೊರಗೆ ಹಾಕ್ಬಿಡಿ, ಅರ್ಧ ದಿನದಲ್ಲಿ ಗೊತ್ತಾಗುತ್ತೆ ಅಂದಿದಾರೆ. ಭಾವ, ಬೇಜಾರ್ ಮಾಡ್ಕೋಬೇಡಿ, ಅದೊಂದು ಬೇಡ. ನೀರು ಇಳೀತಾ ಇಳೀತಾ ಮೀನೆಲ್ಲ ಒಂದೇ ಗುಂಡಿಗೆ ಸೇರ್ಕೊಂಡು ಆಕ್ಸಿಜನ್ ಸಾಲದೆ ಸಾಯ್ತವೆ, ಕೆಸರಲ್ಲಿ ಹುದುಗೋ ಜಾತಿಯವು ಆಗ್ಲೂ ಕಣ್ಣಿಗೆ ಬೀಳಲ್ಲ, ಕೊನೆಗೆ ಬೆಳೆಗೆ ಇಟ್ಕೊಂಡಿದ್ದ ನೀರೂ ಹೋಯ್ತು ಅಂತಾಗುತ್ತೆ. ಟೈಪ್ ಮಾಡೋದು ಉದ್ದ ಆಗುತ್ತೆ, ಆದ್ರೂ ಇದನ್ನ ಸರಿಯಾಗಿ ಹೇಳ್ಬೇಕು ಅನ್ನಿಸ್ತು, ಸ್ವಲ್ಪ ಓದ್ಕೊಳ್ಳಿ.

ಎಲ್ರೂ ಮೊದ್ಲು ದೊಡ್ಡ ಮೀನು ಹಿಡಿಯೋಕೆ ಹೋಗ್ತಾರೆ. ನಾನು ಹೇಳೋದು ಮರಿ ಹುಡುಕಿ ಅಂತ. ದೊಡ್ಡ ಮೀನು ಒಂದು ಸಿಕ್ರೆ ಯಾವತ್ತೋ ಯಾರೋ ಬಿಟ್ಟಿದ್ರು ಅಂತ ಅಷ್ಟೇ ಗೊತ್ತಾಗೋದು, ಅದರ ಜೊತೆಯವು ಇನ್ನೂ ಇದಾವೋ ಇಲ್ವೋ ಗೊತ್ತಾಗಲ್ಲ. ಮರಿ ಕಂಡ್ರೆ ಹಾಗಲ್ಲ, ಆ ಜಾತಿ ಅಲ್ಲೇ ನೆಲೆ ನಿಂತಿದೆ, ಅಲ್ಲೇ ಸಂಸಾರ ಮಾಡ್ತಿದೆ ಅಂತ ಹೆಚ್ಚಾಗಿ ಅರ್ಥ. ಕಾಟ್ಲಾ, ರೋಹು, ಮೃಗಾಲ್ ಈ ಮೂರೂ ನಿಂತ ನೀರಿನ ಸಣ್ಣ ಹೊಂಡದಲ್ಲಿ ತಾವಾಗಿ ಮರಿ ಮಾಡಲ್ಲ, ಅವಕ್ಕೆ ಮಳೆಗಾಲದ ಹರಿಯೋ ನೀರು, ಪ್ರವಾಹ ಬೇಕು. ಹಾಗಾಗಿ ಅವು ಇದ್ರೆ ಒಂದೋ ಹಳೆಯ ಮಾಲೀಕರು ಮರಿ ತಂದು ಬಿಟ್ಟಿರ್ಬೇಕು ಇಲ್ಲಾ ಮಳೆ ನೀರಿನ ಜೊತೆ ಕಾಲುವೆಯಿಂದ ಬಂದಿರ್ಬೇಕು. ಸಾಮಾನ್ಯ ಗೆಂಡೆ, ತಿಲಾಪಿಯಾ, ಕೊರವ ಹಾಗಲ್ಲ, ನಿಂತ ನೀರಲ್ಲೇ ವಂಶ ಬೆಳೆಸ್ತವೆ.

ಕೊರವನ ಮರಿ ಒಂದ್ಸಲ ನೋಡಿದ್ರೆ ಮರೆಯಲ್ಲ. ಹುಟ್ಟಿದ ಸ್ವಲ್ಪ ದಿನಕ್ಕೆ ಕಿತ್ತಳೆ-ಕೆಂಪು ಬಣ್ಣದ ಪುಟಾಣಿ ಮರಿಗಳು ನೂರಾರು ಒಂದೇ ಕಡೆ ಗುಂಪಾಗಿ ಮೇಲೆ ಬರ್ತವೆ, ಆ ಜಾಗ ಮಾತ್ರ ಅಕ್ಕಿ ಕುದೀತಿರೋ ಹಾಗೆ ಕಾಣುತ್ತೆ, ಸುತ್ತ ನೀರು ಸುಮ್ನಿರುತ್ತೆ. ಆ ಗುಂಪಿನ ಕೆಳಗೆ ತಂದೆ ತಾಯಿ ಕಾವಲಿರ್ತವೆ, ನೀವು ದಡಕ್ಕೆ ಹತ್ತಿರ ಹೋದ್ರೆ ಗುಂಪು ಒಟ್ಟಿಗೆ ಮುಳುಗಿ ಸ್ವಲ್ಪ ದೂರದಲ್ಲಿ ಮತ್ತೆ ಏಳುತ್ತೆ. ಅದಕ್ಕೆ ಕೈ ಹಾಕ್ಬೇಡಿ, ತಂದೆ ಮೀನು ಕಚ್ಚೋಕೂ ಹಿಂಜರಿಯಲ್ಲ. ಇದು ಇದ್ರೆ ಇನ್ನೊಂದು ವಿಷಯನೂ ಗೊತ್ತಾಯ್ತು ಅಂತ ಇಟ್ಕೊಳ್ಳಿ, ಬೇರೆ ಸಣ್ಣ ಮೀನು ಕಮ್ಮಿ ಇರೋದು ಯಾಕೆ ಅಂತ, ಯಾಕಂದ್ರೆ ಇದು ಬೇಟೆ ಮೀನು.

ತಿಲಾಪಿಯಾ, ಜಿಲೇಬಿ ಮೀನು ಅಂತಾರಲ್ಲ, ಅದಕ್ಕೆ ದಡದ ಹತ್ತಿರ ನೀರು ತಿಳಿಯಾಗಿರೋ ಕಡೆ ಮಣ್ಣಲ್ಲಿ ಊಟದ ತಟ್ಟೆಯಷ್ಟು ಅಗಲದ ಗುಂಡು ಗುಂಡು ಗುಂಡಿಗಳಿವೆಯಾ ನೋಡಿ. ಗಂಡು ಮೀನು ಅವನ್ನ ತೋಡುತ್ತೆ, ಹೆಣ್ಣು ಮೊಟ್ಟೆ ಇಟ್ಟು ಬಾಯಲ್ಲಿ ತುಂಬ್ಕೊಂಡು ಹೋಗುತ್ತೆ, ಮರಿ ಆದ್ಮೇಲೂ ಹೆದರಿದ್ರೆ ಓಡಿ ಬಂದು ತಾಯಿ ಬಾಯಿಗೇ ಸೇರ್ಕೊಳ್ತವೆ. ಇದನ್ನ ಕಣ್ಣಾರೆ ನೋಡೋದೇ ಒಂದು ಖುಷಿ, ಮಕ್ಕಳಿಗೂ ತೋರ್ಸಿ. ಆದ್ರೆ ನಿಮ್ಮ ಹೊಂಡಕ್ಕೆ ಪ್ಲಾಸ್ಟಿಕ್ ಶೀಟ್ ಹೊದಿಸಿದ್ರೆ ಮಣ್ಣೇ ಇರಲ್ಲ, ಗುಂಡಿ ಕಾಣಲ್ಲ, ಅದಕ್ಕೆ ತಿಲಾಪಿಯಾ ಇಲ್ಲ ಅಂತ ಅಂದ್ಕೋಬೇಡಿ. ಶೀಟ್ ಇರೋ ಹೊಂಡದ ದಡ ವಿಪರೀತ ಜಾರುತ್ತೆ, ಬಿದ್ದೋರು ಮೇಲೆ ಹತ್ತೋಕೇ ಆಗಲ್ಲ, ಯಾರೂ ಒಬ್ಬರೇ ಹೋಗ್ಬೇಡಿ, ಒಂದು ಗಟ್ಟಿ ಹಗ್ಗ ಕಟ್ಟಿ ನೀರಿಗೆ ಇಳಿಬಿಟ್ಟಿರಿ, ಚಿಕ್ಕ ಮಕ್ಕಳನ್ನಂತೂ ಅಲ್ಲಿ ಅವರಷ್ಟಕ್ಕೆ ಬಿಡ್ಲೇಬೇಡಿ.

ಈಗ ನೋಡೋ ಹೊತ್ತು. ಬೆಳಗಿನ ಜಾವ, ಬಿಸಿಲು ಬರೋಕೆ ಮುಂಚೆ ಹೋಗಿ. ರಾತ್ರಿಯೆಲ್ಲ ಪಾಚಿ, ಗಿಡ, ಮೀನು ಎಲ್ಲ ಆಕ್ಸಿಜನ್ ಖರ್ಚು ಮಾಡಿರ್ತವೆ, ತುಂಬೋ ಕೆಲಸ ಬಿಸಿಲು ಬಂದ್ಮೇಲೆ, ಹಾಗಾಗಿ ಆ ಹೊತ್ತಲ್ಲಿ ಆಕ್ಸಿಜನ್ ತೀರಾ ಕಮ್ಮಿ. ಮೀನು ಮೇಲ್ಬಂದು ಬಾಯಿ ತೆಗೆದು ಮುಚ್ಚಿ ಮಾಡ್ತಾ ನಿಂತ್ಕೊಂಡಿದ್ರೆ ಅದು ಉಸಿರು ಕಟ್ಟಿದ ಸೂಚನೆ, ತಕ್ಷಣ ಹೊಸ ನೀರು ಬಿಡಿ ಇಲ್ಲಾ ಮೋಟರಲ್ಲಿ ಅದೇ ನೀರನ್ನ ಮೇಲಿಂದ ಸುರೀರಿ. ಕೊರವ, ಕೆಲವು ಮೀಸೆ ಮೀನು ಹಾಗೆ ನಿಲ್ಲಲ್ಲ, ಅವು ಗಾಳಿಯನ್ನೇ ಉಸಿರಾಡ್ತವೆ, ಯಾವ ಹೊತ್ತಲ್ಲಾದ್ರೂ ಒಂದು ಗುಟುಕು ತಗೊಂಡು ಗುಳುಂ ಅಂತ ಕೆಳಗೆ. ಈ ವ್ಯತ್ಯಾಸ ಒಂದು ಗಂಟೆ ಕೂತು ನೋಡಿದ್ರೆ ಸಾಕು, ಬಲೆ ಹಾಕದೇನೆ ಅರ್ಧ ವಿಷಯ ಗೊತ್ತಾಗಿರುತ್ತೆ.

ಆಮೇಲೆ ದಿನಾ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಒಂದು ಹಿಡಿ ತೌಡು ಹಾಕಿ, ಜಾಸ್ತಿ ಬೇಡ, ನೀರು ಕೆಡುತ್ತೆ. ಮೂರ್ನಾಲ್ಕು ದಿನಕ್ಕೆ ಮೀನು ಕಾಯೋಕೆ ಶುರು ಮಾಡ್ತವೆ. ಕಾಟ್ಲಾ ಇದ್ರೆ ಮೇಲೆ ಬರುತ್ತೆ, ತಲೆ ದೊಡ್ಡದು, ಕೆಳದವಡೆ ಮುಂದೆ ಚಾಚಿ ಬಾಯಿ ಮೇಲ್ಮುಖ ಆಗಿರುತ್ತೆ. ಕೆಳಗಿಂದ ಕೆಸರು ಹೊಗೆ ಥರ ಏಳ್ತಾ ಗುಳ್ಳೆ ಸಾಲಾಗಿ ಬರ್ತಿದ್ರೆ ಗೆಂಡೆ ಇರೋ ಸಾಧ್ಯತೆ ಹೆಚ್ಚು, ಅದು ತಳ ಅಗೆದು ತಿನ್ನೋ ಮೀನು. ಸದ್ದಿಗೆ ಬೆಚ್ಚಿ ನೀರಿಂದ ಎಗರಿದ್ರೆ ಬೆಳ್ಳಿ ಗೆಂಡೆ ಇರ್ಬಹುದು.

ಸಣ್ಣ ಮೀನಿಗೆ ಬಾಟಲಿ ಬೋನು ಸಾಕು. ದೊಡ್ಡ ನೀರಿನ ಬಾಟಲಿ ಕತ್ತಿನ ಭಾಗ ಕೊಯ್ದು ತಿರುಗಿಸಿ ಒಳಗೆ ಸಿಕ್ಕಿಸಿ, ಸುತ್ತ ಸಣ್ಣ ತೂತು ಮಾಡಿ, ಒಳಗೆ ಸ್ವಲ್ಪ ಹಿಂಡಿ ಹಾಕಿ, ದಾರ ಕಟ್ಟಿ ದಡದ ಹುಲ್ಲಿನ ಹತ್ತಿರ ಮುಳುಗಿಸಿ. ಅರ್ಧ ಗಂಟೆಗೊಮ್ಮೆ ನೋಡ್ತಾ ಇರಿ, ರಾತ್ರಿ ಬಿಡ್ಬೇಡಿ, ಒಳಗೆ ಸಿಕ್ಕೊಂಡಿದ್ದು ಸತ್ತೋಗುತ್ತೆ. ಬೀಸುಬಲೆ ಹಾಕೋರಿದ್ರೆ ಹಾಕ್ಸಿ, ಆದ್ರೆ ಬಲೆಗೆ ಬೀಳ್ಲಿಲ್ಲ ಅಂದ್ರೆ ಇಲ್ಲ ಅಂತಲ್ಲ. ಕಣ್ಣು ದೊಡ್ಡದಿದ್ರೆ ಸಣ್ಣವು ಜಾರ್ತವೆ, ಮೀಸೆ ಮೀನು ಕೆಸರಿಗೆ ಒತ್ಕೊಂಡು ತಪ್ಪಿಸ್ಕೊಳ್ಳುತ್ತೆ. ಅದಕ್ಕೇ ಬಲೆ, ಬೋನು, ಗಾಳ, ರಾತ್ರಿ ಟಾರ್ಚು ಎಲ್ಲಾ ಸ್ವಲ್ಪ ಸ್ವಲ್ಪ ಮಾಡ್ಬೇಕು, ಒಂದೊಂದು ಒಂದೊಂದು ಥರದ ಮೀನು ತೋರ್ಸುತ್ತೆ. ರಾತ್ರಿ ಹೋದ್ರೆ ಕಾಲಿಗೆ ಬೂಟು ಹಾಕ್ಕೊಳ್ಳಿ, ದಡದಲ್ಲಿ ಹಾವು ಓಡಾಡ್ತವೆ.

ನಾವ್ಯಾರೂ ಬಿಡದೆ ಹೇಗೆ ಬಂತು ಅಂತ ಅತ್ತೆ ಕೇಳಿದ್ರಲ್ಲ, ಅದಕ್ಕೂ ಹೇಳ್ತೀನಿ. ಕಾಲುವೆ ನೀರಲ್ಲಿ ಬರೋದೇ ಹೆಚ್ಚು, ಕೊರವ ಒದ್ದೆ ನೆಲದ ಮೇಲೆ ತೆವಳಿಯೂ ಬರುತ್ತೆ. ಹಕ್ಕಿಗಳಿಂದನೂ ಬರ್ಬಹುದು, 2020ರಲ್ಲಿ ಹಂಗೇರಿಯ ವಿಜ್ಞಾನಿಗಳು ಗೆಂಡೆ ಜಾತಿಯ ಮೊಟ್ಟೆಗಳನ್ನ ಕಾಡು ಬಾತುಗಳಿಗೆ ತಿನ್ನಿಸಿ ನೋಡಿದ್ರೆ ಕೆಲವೇ ಕೆಲವು ಮೊಟ್ಟೆ ಹಿಕ್ಕೆಯಲ್ಲಿ ಜೀವಂತ ಬಂದ್ವು, ಅದ್ರಲ್ಲಿ ಮರಿನೂ ಆದ್ವು. ಆದ್ರೂ ಕಾಲುವೆ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟೋದು ಮುಖ್ಯ. ಒಂದು ಡಬ್ಬಿ ನೀರಲ್ಲಿ ಮೀನು ಬಿಟ್ಟೋದ ಲೋಳೆ, ಮಲದ ಡಿಎನ್‌ಎ ಪರೀಕ್ಷೆ ಮಾಡಿ ಜಾತಿ ಹೇಳೋ ವಿಧಾನನೂ ಇದೆ. 2008ರಲ್ಲೇ ಫ್ರಾನ್ಸಿನ ಕೊಳಗಳಲ್ಲಿ ಕಪ್ಪೆ ಜಾತಿಯೊಂದನ್ನ ಹೀಗೆ ಪತ್ತೆ ಹಚ್ಚಿದ್ರು. ನಿಮ್ಮ ಹೊಂಡಕ್ಕೆ ಅಷ್ಟೆಲ್ಲ ಬೇಕಿಲ್ಲ.

ಸಿಕ್ಕಿದ ಮೀನನ್ನ ಒದ್ದೆ ಕೈಯಲ್ಲೇ ಹಿಡೀರಿ, ಒಣ ಕೈ ಅದರ ಲೋಳೆ ಕೀಳುತ್ತೆ. ಮೀಸೆ ಇದ್ದು ಹುರುಪೆ ಇಲ್ಲದ ಮೀನಾದ್ರೆ ಬರಿಗೈ ಬೇಡವೇ ಬೇಡ, ಚೇಳು ಮೀನಾಗಿದ್ರೆ ಪಕ್ಕದ ರೆಕ್ಕೆ ಮುಳ್ಳಲ್ಲಿ ವಿಷ ಇರುತ್ತೆ, ಉರಿ ತಡೆಯೋಕಾಗಲ್ಲ. ಪಕ್ಕಕ್ಕೆ ಸ್ಕೇಲ್ ಇಟ್ಟು ಒಂದು ಫೋಟೋ ಬದಿಯಿಂದ, ರೆಕ್ಕೆ ಬಿಡಿಸಿ, ಇನ್ನೊಂದು ಬಾಯಿ ಹತ್ತಿರದಿಂದ, ಮತ್ತೊಂದು ತಲೆ ಮೇಲಿಂದ. ಮೀಸೆ ಎಷ್ಟು ಜೊತೆ ಎಣಿಸಿ: ಸಾಮಾನ್ಯ ಗೆಂಡೆಗೆ ಎರಡು ಜೊತೆ, ಚೇಳು ಮೀನಿಗೆ ನಾಲ್ಕು, ಕಾಟ್ಲಾಗೆ ಇರಲ್ಲ. ಬೆನ್ನಿನ ರೆಕ್ಕೆ ಗಿಡ್ಡನೋ ಉದ್ದನೋ, ಮುಳ್ಳಿದೆಯಾ, ಪಕ್ಕದಲ್ಲಿ ಓಡೋ ಗೆರೆ ಒಂದೇ ಉದ್ದಕ್ಕಿದೆಯಾ ಇಲ್ಲಾ ತಿಲಾಪಿಯಾದ ಹಾಗೆ ಮುರಿದು ಎರಡು ಭಾಗ ಆಗಿದೆಯಾ ಅಂತ ನೋಡಿ ಬರೀರಿ. ಅಲ್ಲಿವರೆಗೆ ಬೇರೆ ಮೀನಿನ ಮರಿ ತಂದು ಬಿಡ್ಬೇಡಿ, ಒಳಗೆ ಕೊರವ ಇದ್ರೆ ತಂದಿದ್ದೆಲ್ಲ ಅದರ ಹೊಟ್ಟೆಗೇ. ಗುರುತು ಸಿಗದ ಮೀನನ್ನ ಹತ್ತಿರದ ಕೆರೆಗೂ ಬಿಡ್ಬೇಡಿ, ಅಲ್ಲಿರೋ ಮೀನಿಗೆ ತೊಂದರೆ. ಫೋಟೋ ಮೂರೂ ಇಲ್ಲೇ ಗ್ರೂಪಲ್ಲಿ ಹಾಕಿ, ಮೀನುಗಾರಿಕೆ ಓದಿರೋ ನನ್ನ ಫ್ರೆಂಡ್‌ಗೂ ಕಳಿಸ್ತೀನಿ.