ಚಿಕ್ಕಪ್ಪನವರ ಮೂತ್ರದ ಚೀಲ ಸೋರುವ ವಿಷಯ

ಚಿಕ್ಕಮ್ಮ, ನಮಸ್ಕಾರ. ಆಪರೇಷನ್ ಆಗಿ ಎರಡು ತಿಂಗಳಾದರೂ ಚಿಕ್ಕಪ್ಪನವರ ಹೊಟ್ಟೆಗೆ ಅಂಟಿಸಿದ ಚೀಲ ರಾತ್ರಿ ಸೋರುತ್ತಿದೆ, ಹಾಸಿಗೆ ಒದ್ದೆಯಾಗುವ ಸಂಕೋಚಕ್ಕೆ ಅವರು ಸಂಜೆಯ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ ಎಂದು ನೀವು ಹೇಳಿದ್ದನ್ನು ಕೇಳಿ ಬಹಳ ನೋವಾಯಿತು. ನಮ್ಮ ಅಪ್ಪನಿಗೂ ಮೂತ್ರಕೋಶ ತೆಗೆದು, ಮೂತ್ರ ಹೊಟ್ಟೆಯ ಮೇಲಿಂದ ಚೀಲಕ್ಕೆ ಬರುವಂತೆ ಇದೇ ದಾರಿ ಮಾಡಿದ್ದರು. ನಾಲ್ಕು ವರ್ಷ ಚೀಲ ಬದಲಿಸಿದವಳು ನಾನೇ.

ಮೊದಲು, ಅವರು ನೀರು ಕುಡಿಯುವುದನ್ನು ನಿಲ್ಲಿಸಲು ಬಿಡಬೇಡಿ. ಸಣ್ಣ ಕರುಳಿನ ತುಂಡಿನಿಂದ ಮಾಡಿದ ಆ ದಾರಿಗೆ ಮೂತ್ರವನ್ನು ತಡೆದಿಡುವ ಶಕ್ತಿಯಿಲ್ಲ, ಕಿಡ್ನಿಯಿಂದ ಇಳಿದದ್ದು ಇಳಿದಂತೆಯೇ ಹೊರಬರುತ್ತದೆ, ಆದ್ದರಿಂದ ಸೋರಿದ್ದು ಅವರ ತಪ್ಪಲ್ಲ. ನೀರು ಕಡಿಮೆಯಾದರೆ ಸೋಂಕಿಗೆ ದಾರಿಯಾಗುತ್ತದೆ.

ನನಗೆ ಅನುಮಾನವಿರುವುದು ಚೀಲವನ್ನು ಚರ್ಮಕ್ಕೆ ಹಿಡಿಸುವ ಅಂಟಿನ ಪ್ಲೇಟಿನ ತೂತಿನ ಮೇಲೆ. ಸ್ಟೋಮಾದ, ಅಂದರೆ ಹೊಟ್ಟೆಯ ಮೇಲೆ ಮೂತ್ರ ಹೊರಬರುವ ಆ ಬಾಯಿಯ, ಊತ ಮೊದಲ 6ರಿಂದ 8 ವಾರಗಳಲ್ಲಿ ಇಳಿಯುತ್ತಾ ಹೋಗುತ್ತದೆ. ಆಸ್ಪತ್ರೆಯಲ್ಲಿ ಹೇಳಿದ ಅಳತೆಗೇ ಇಂದಿಗೂ ಕತ್ತರಿಸುತ್ತಿದ್ದರೆ, ಸುತ್ತ ಬರಿಯ ಚರ್ಮ ಉಳಿದು, ಮೂತ್ರ ಅಲ್ಲೇ ನಿಂತು ಅಂಟನ್ನು ಒಳಗಿನಿಂದ ಬಿಡಿಸುತ್ತದೆ. ಅಳತೆಯ ಕಾರ್ಡ್ ಇಟ್ಟು ನೋಡಿ, ಸ್ಟೋಮಾಗಿಂತ 2–3 ಮಿಲಿಮೀಟರ್ ಮಾತ್ರ ದೊಡ್ಡದಾಗಿ ಕತ್ತರಿಸಿ. ತೆಗೆದ ಪ್ಲೇಟನ್ನು ಎಸೆಯುವ ಮುನ್ನ ತಿರುಗಿಸಿ ನೋಡಿ: ಯಾವ ಕಡೆ ಬೆಳ್ಳಗೆ ಊದಿ ಕರಗಿದೆಯೋ ಸೋರಿದ್ದು ಅಲ್ಲಿಂದಲೇ. ಅಪ್ಪನಿಗೆ ಪ್ರತಿ ಸಲವೂ ಎಡಗಡೆ ಕೆಳಗೇ ಕರಗಿರುತ್ತಿತ್ತು. ಮಲಗಿದಾಗ ಕಾಣದ ಒಂದು ಮಡಿಕೆ ಅವರು ಕುಳಿತಾಗ ಅಲ್ಲಿ ಮೂಡುತ್ತಿತ್ತು, ಸ್ಟೋಮಾ ನರ್ಸ್ ಅದಕ್ಕೆ ಅಂಟಿನ ಉಂಗುರ ಹಾಕಿಸಿದ ಮೇಲೆ ನಿಂತಿತು.

ಚರ್ಮ ಕೆಂಪಾಗಿದೆಯೆಂದು ಅಮ್ಮ ಪ್ರೀತಿಯಿಂದ ಕೊಬ್ಬರಿ ಎಣ್ಣೆ ಸವರಿದ ದಿನ ಎರಡು ಪ್ಲೇಟು ಹಾಳಾದವು. ಎಣ್ಣೆ, ಪೌಡರ್ ಯಾವುದೂ ಬೇಡ. ಬರಿಯ ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ. ಬೆಳಿಗ್ಗೆ ಕಾಫಿಗೂ ಮುಂಚೆ ಬದಲಿಸಿದರೆ ಮೂತ್ರ ಕಡಿಮೆ ಇರುತ್ತದೆ. ಅಂಟಿಸಿದ ಮೇಲೆ ಒಂದೆರಡು ನಿಮಿಷ ಅಂಗೈಯ ಬಿಸಿ ತಾಗುವಂತೆ ಒತ್ತಿ ಹಿಡಿಯಿರಿ. ಪಂಚೆಯ ಗಂಟು ಚೀಲದ ಮೇಲೆ ಬರಬಾರದು.

ಹಗಲು ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿಸಿ. ರಾತ್ರಿ ಮಂಚದ ಪಕ್ಕ ತೂಗುವ ದೊಡ್ಡ ಚೀಲಕ್ಕೆ ನಳಿಕೆ ಜೋಡಿಸಿ, ಜೋಡಿಸುವಾಗ ಚಿಕ್ಕ ಚೀಲದಲ್ಲಿ ಸ್ವಲ್ಪ ಮೂತ್ರ ಉಳಿದಿರಲಿ, ಇಲ್ಲವಾದರೆ ಗಾಳಿ ಸಿಕ್ಕಿಕೊಳ್ಳುತ್ತದೆ. ಲೋಳೆ ಕಂಡರೆ ಗಾಬರಿ ಬೇಡ, ಅದು ಕರುಳಿನದು. ಆದರೆ ಜ್ವರ, ಬೆನ್ನಿನ ಪಕ್ಕದಲ್ಲಿ ನೋವು, ಸ್ಟೋಮಾ ಕಪ್ಪಾಗುವುದು, ಕೆಲವು ಗಂಟೆ ಮೂತ್ರವೇ ಬಾರದಿರುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೊರಡಿ.

ನಾಳೆ ತೆಗೆದ ಪ್ಲೇಟಿನ ಹಿಂಬದಿಯ ಫೋಟೊವನ್ನು ನನಗೊಬ್ಬಳಿಗೇ ಕಳುಹಿಸಿ, ಗ್ರೂಪಿನಲ್ಲಿ ಹಾಕುವುದು ಬೇಡ. ಚಿಕ್ಕಪ್ಪನವರಿಗೆ ಅದು ಇಷ್ಟವಾಗಲಾರದು.